ಗೋಲಿ ಎಲ್ಲಿಟ್ಟಿರಿ? ಸೊಂಟದ ಕೀಲಿನ ಡಿಜಿಟಲ್ ಟೆಂಪ್ಲೇಟಿಂಗ್ ಸಾಫ್ಟ್‌ವೇರ್‌ಗಳ ವಿಮರ್ಶೆ

ಟ್ರಾಮಾಕ್ಯಾಡ್, ಮೆಡಿಕ್ಯಾಡ್, ಆರ್ಥೋವ್ಯೂ. ಸೊಂಟದ ಕೀಲು ಬದಲಿಸುವ ಮುನ್ನ ಎಕ್ಸ್‌ರೇ ಮೇಲೆ ಇಂಪ್ಲಾಂಟ್ ಕೂರಿಸಿ ಸೈಜ್ ನೋಡುವ ಸಾಫ್ಟ್‌ವೇರ್‌ಗಳಲ್ಲಿ ಹೆಚ್ಚಾಗಿ ಕಿವಿಗೆ ಬೀಳುವ ಹೆಸರುಗಳಿವು. ಮಾರಲು ಬರುವವರ ಸ್ಲೈಡಿನಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಶೇ 90ಕ್ಕಿಂತ ಹೆಚ್ಚು ನಿಖರ, ಒಂದು ಸೈಜ್ ಆಚೀಚೆ. ಸಾಲು ಸುಳ್ಳಲ್ಲ. ಆದರೆ ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಸಾಫ್ಟ್‌ವೇರ್ ಬಗ್ಗೆ ಅಲ್ಲ, ಆ ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಬಗ್ಗೆ. ಚಿತ್ರದ ಅಳತೆ ತಿಳಿಯಲೆಂದು ರೋಗಿಯ ಪಕ್ಕ ಇಡುವ 25 ಮಿ.ಮೀ. ಗೋಲಿಯನ್ನು ಅಲ್ಲಿ ಎಲ್ಲಿಡುತ್ತಾರೆ, ರೋಗಿಯ ಪಾದ ಯಾವ ಕಡೆ ತಿರುಗಿರುತ್ತದೆ, ಇವೆರಡೇ ಯೋಜನೆಯ ಹಣೆಬರಹ ಬರೆಯುತ್ತವೆ.

ಮೊದಲು ಆ ಶೇಕಡಾ ಲೆಕ್ಕ ನೋಡೋಣ. ಎರಡು ಆಯಾಮದ ಎಕ್ಸ್‌ರೇ ಮೇಲೆ ಮಾಡಿದ ಯೋಜನೆ, ಓಟಿಯಲ್ಲಿ (ಆಪರೇಶನ್ ಥಿಯೇಟರ್‌ನಲ್ಲಿ) ಕೊನೆಗೆ ಕೂರಿಸಿದ ಸೈಜಿಗೆ ಚಾಚೂ ತಪ್ಪದೆ ಹೊಂದುವುದು ಪ್ರಕಟಿತ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಭಾಗದಿಂದ ಅರ್ಧದಷ್ಟು, ಕೆಲವೆಡೆ ಅದಕ್ಕಿಂತ ತುಸು ಹೆಚ್ಚು ಕೇಸ್‌ಗಳಲ್ಲಿ. ಒಂದು ಸೈಜ್ ಆಚೀಚೆ ಬಿಟ್ಟುಕೊಟ್ಟರೆ ಅದೇ ಲೆಕ್ಕ ಶೇ 80ರಿಂದ 95ರವರೆಗೆ ಜಿಗಿಯುತ್ತದೆ. ಸೊಂಟದ ಬಟ್ಟಲಿನಲ್ಲಿ ಕೂರುವ ಕಪ್‌ಗಳು ಸಾಮಾನ್ಯವಾಗಿ 2 ಮಿ.ಮೀ. ಅಂತರದಲ್ಲಿ ಬರುತ್ತವೆ, ಅಂದರೆ 50 ಎಂದು ಯೋಜಿಸಿದಲ್ಲಿ 48, 50, 52 ಯಾವುದು ಕೂತರೂ "ನಿಖರ" ಎಂದೇ ಲೆಕ್ಕ. ಬಹಳಷ್ಟು ಸಲ ಅದರಿಂದ ತೊಂದರೆಯಿಲ್ಲ. ತೊಂದರೆ ಬರುವುದು ಗಡಿಯಲ್ಲಿ. ಹಲವು ಕಂಪನಿಗಳ ಕಪ್‌ನಲ್ಲಿ 36 ಮಿ.ಮೀ. ಹೆಡ್ (ಕಪ್‌ನೊಳಗೆ ತಿರುಗುವ ಗುಂಡು) ಹಿಡಿಸುವ ಲೈನರ್ (ಕಪ್‌ನ ಒಳಪದರ) ಶುರುವಾಗುವುದೇ 52ರಿಂದ. 52 ಎಂದು ಯೋಜಿಸಿ 50 ಕೂರಿಸಿದರೆ ಹೆಡ್ 32ಕ್ಕೆ ಇಳಿಯುತ್ತದೆ, ಕೀಲು ಜಾರದಂತೆ ತಡೆಯುವ ಅಂಚು ಅಷ್ಟು ಕಡಿಮೆ. ಹಾಗಾಗಿ ಇಂಪ್ಲಾಂಟ್ ಪೆಟ್ಟಿಗೆಯಲ್ಲಿ ಎರಡೂ ಹೆಡ್ ಇರಬೇಕು. "ಒಂದು ಸೈಜ್ ಆಚೀಚೆ" ಎಂಬ ಸಾಲು ಈ ಗಡಿಯನ್ನು ಹೇಳುವುದಿಲ್ಲ.

ತೊಡೆಮೂಳೆಯೊಳಗೆ ಇಳಿಸುವ ಸ್ಟೆಮ್‌ನಲ್ಲಿ ಒಂದು ಸೈಜ್ ಎಂದರೆ ಎಷ್ಟು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಕೋರೈಲ್ ಸ್ಟೆಮ್ 8ರಿಂದ 16ರವರೆಗೆ ಒಂದೊಂದಾಗಿ ಏರಿ ಆಮೇಲೆ 18, 20 ಎಂದು ಹಾರುತ್ತದೆ. ಸಿಮೆಂಟ್ ಹಾಕುವ ಎಕ್ಸೆಟರ್‌ನಲ್ಲಿ ಮೊದಲು ಆರಿಸುವುದು ಆಫ್‌ಸೆಟ್ (ಹೆಡ್‌ನ ನಡುಬಿಂದುವಿಗೂ ತೊಡೆಮೂಳೆಯ ನಡುಗೆರೆಗೂ ಇರುವ ಅಡ್ಡ ದೂರ) – 37.5, 44, 50 ಹೀಗೆ – ಸೈಜ್ ಆಮೇಲಿನ ಮಾತು. ಸಿಮೆಂಟ್ ಇದ್ದಲ್ಲಿ ಒಂದು ಸೈಜಿನ ವ್ಯತ್ಯಾಸವನ್ನು ಸಿಮೆಂಟ್ ಪದರವೇ ನುಂಗಿಕೊಳ್ಳುತ್ತದೆ. ಸಿಮೆಂಟ್ ಇಲ್ಲದ ಸ್ಟೆಮ್ ಮೂಳೆಯನ್ನು ಕಚ್ಚಿಕೊಂಡೇ ನಿಲ್ಲಬೇಕು. ಚಿಕ್ಕದಾದರೆ ಕೆಳಗಿಳಿಯುತ್ತದೆ, ದೊಡ್ಡದಾದರೆ ಕ್ಯಾಲ್ಕಾರ್ (ತೊಡೆಮೂಳೆಯ ಕುತ್ತಿಗೆಯ ಬುಡದ ಒಳಬದಿಯ ಗಟ್ಟಿ ಮೂಳೆ) ಬಿರಿಯುತ್ತದೆ. ಎರಡು ಬಗೆಯ ಸ್ಟೆಮ್‌ಗಳನ್ನು ಬೆರೆಸಿ ಒಂದೇ ಶೇಕಡಾ ಕೊಡುವ ಅಧ್ಯಯನವನ್ನು ಅನುಮಾನದಿಂದಲೇ ಓದಬೇಕು.

ಈಗ ಗೋಲಿಗೆ ಬರೋಣ. ಎಕ್ಸ್‌ರೇ ಕೊಡುವುದು ಮೂಳೆಯ ನೆರಳನ್ನು. ದೀಪಕ್ಕೆ ಕೈ ಹತ್ತಿರ ತಂದಷ್ಟೂ ಗೋಡೆಯ ಮೇಲಿನ ನೆರಳು ಹಿಗ್ಗುವ ಹಾಗೆ, ಕೀಲು ಡಿಟೆಕ್ಟರ್‌ನಿಂದ (ಚಿತ್ರ ಹಿಡಿಯುವ ಫಲಕದಿಂದ) ದೂರವಾದಷ್ಟೂ ಚಿತ್ರ ದೊಡ್ಡದಾಗುತ್ತದೆ. ಲೆಕ್ಕ ಸರಳ: ಕಿರಣ ಹೊರಡುವ ಟ್ಯೂಬಿನಿಂದ ಡಿಟೆಕ್ಟರ್‌ಗಿರುವ ದೂರವನ್ನು ಟ್ಯೂಬಿನಿಂದ ಕೀಲಿಗಿರುವ ದೂರದಿಂದ ಭಾಗಿಸಿ. ಟ್ಯೂಬ್ 115 ಸೆಂ.ಮೀ. ಎತ್ತರದಲ್ಲಿದ್ದು, ಕೀಲು ಡಿಟೆಕ್ಟರ್‌ಗಿಂತ 17 ಸೆಂ.ಮೀ. ಮೇಲಿದ್ದರೆ 115 ಭಾಗಿಸು 98, ಅಂದರೆ ಸುಮಾರು ಶೇ 117. ಟ್ಯೂಬನ್ನು 100 ಸೆಂ.ಮೀ.ಗೆ ಇಳಿಸಿದರೆ ಅದೇ ರೋಗಿಯ ಅದೇ ಕೀಲು ಶೇ 120. ದಪ್ಪ ಮೈಯವರಲ್ಲಿ ಹಿಂಭಾಗದ ಕೊಬ್ಬು ಕೀಲನ್ನು ಮೇಲೆತ್ತುವುದರಿಂದ ಇನ್ನೂ ಹೆಚ್ಚು, ಸಪೂರ ಇರುವವರಲ್ಲಿ ಕಡಿಮೆ. ಇಂಪ್ಲಾಂಟ್‌ನ ಆಕಾರ ಮುದ್ರಿಸಿದ ಹಳೆಯ ಪಾರದರ್ಶಕ ಅಸಿಟೇಟ್ ಹಾಳೆಗಳು ಶೇ 115 ಅಥವಾ ಶೇ 120 ಎಂದು ಒಂದೇ ಅಂಕಿಗೆ ಅಂಟಿಕೊಂಡಿದ್ದವು. 100 ಸೆಂ.ಮೀ. ಕೋಣೆಯಲ್ಲಿ ತೆಗೆದ ಚಿತ್ರದ ಮೇಲೆ ಶೇ 115ರ ಹಾಳೆ ಇಟ್ಟರೆ 52 ಕಪ್ ಬೇಕಾದಲ್ಲಿ 54 ಕಾಣುತ್ತದೆ. ಡಿಜಿಟಲ್‌ಗೆ ಬಂದದ್ದರ ಮೊದಲ ಲಾಭವೇ ರೋಗಿಗೆ ತಕ್ಕ ಹಿಗ್ಗುವಿಕೆಯನ್ನು ಲೆಕ್ಕ ಹಾಕಬಹುದು ಎಂಬುದು. ಅದಕ್ಕೇ ಗೋಲಿ. 25 ಮಿ.ಮೀ. ಗೋಲಿ ಚಿತ್ರದಲ್ಲಿ 30 ಮಿ.ಮೀ. ಕಂಡರೆ ಹಿಗ್ಗುವಿಕೆ ಶೇ 120, ಸಾಫ್ಟ್‌ವೇರ್ ಇಡೀ ಚಿತ್ರವನ್ನು ಅಷ್ಟು ಕುಗ್ಗಿಸುತ್ತದೆ.

ಇದೆಲ್ಲ ಸರಿಯಾಗುವುದು ಗೋಲಿ ಕೀಲಿನಷ್ಟೇ ಎತ್ತರದಲ್ಲಿದ್ದಾಗ ಮಾತ್ರ. ಕೀಲಿನ ನಡುವನ್ನು ಮೈ ಮುಟ್ಟಿ ಹುಡುಕಲಾಗದು. ಕೈಗೆ ಸಿಗುವ ಗುರುತು ತೊಡೆಯ ಹೊರಬದಿಯ ಗ್ರೇಟರ್ ಟ್ರೊಕ್ಯಾಂಟರ್ ಎಂಬ ಮೂಳೆಯ ಉಬ್ಬು. ಅದರ ಮಟ್ಟಕ್ಕೆ ಗೋಲಿ ಬರಬೇಕು. ತೊಡೆಗಳ ನಡುವೆ, ಬಾಗುವ ಕಂಬಿಗೆ ಸಿಕ್ಕಿಸಿ ಇಡುವುದು ಪುಸ್ತಕದ ವಿಧಾನ. ರೋಗಿಗೆ ಮುಜುಗರ, ಟೆಕ್ನೀಶಿಯನ್‌ಗೆ ಅವಸರ, ಹಾಗಾಗಿ ಗೋಲಿ ಬಹಳ ಸಲ ಮೇಜಿನ ಮೇಲೇ ಉಳಿಯುತ್ತದೆ, ಇಲ್ಲವೇ ತೊಡೆಯ ಮೇಲೆ ಟೇಪ್ ಹಚ್ಚಿಸಿಕೊಂಡು ಕೂರುತ್ತದೆ. ಎರಡೂ ಒಂದೇ ಬಗೆಯ ತಪ್ಪಲ್ಲ. ಮೇಲಿನ 115 ಸೆಂ.ಮೀ. ಉದಾಹರಣೆಯಲ್ಲೇ ನೋಡಿ. ನಿಜವಾಗಿ 52 ಬೇಕಾದ ರೋಗಿ. ಗೋಲಿ ಕೀಲಿಗಿಂತ 5 ಸೆಂ.ಮೀ. ಮುಂದೆ, ಅಂದರೆ ಟ್ಯೂಬಿನ ಕಡೆಗಿದ್ದರೆ ಅದು ಹೆಚ್ಚು ಹಿಗ್ಗಿ ಕಾಣುತ್ತದೆ, ಸಾಫ್ಟ್‌ವೇರ್ ಚಿತ್ರವನ್ನು ಬೇಕಾದ್ದಕ್ಕಿಂತ ಹೆಚ್ಚು ಕುಗ್ಗಿಸಿ 49 ಚಿಲ್ಲರೆ ತೋರಿಸುತ್ತದೆ. ಪರದೆಯಲ್ಲಿ 50 ಕಪ್ ಅಂದವಾಗಿ ಕೂರುತ್ತದೆ. ಗೋಲಿ ಮೇಜಿನ ಕಡೆಗೆ ಇಳಿದು, ಡಿಟೆಕ್ಟರ್‌ಗಿಂತ 8 ಸೆಂ.ಮೀ. ಮಾತ್ರ ಮೇಲಿದ್ದರೆ ಉತ್ತರ ಸುಮಾರು 57, ಅಂದರೆ ಎರಡು ಸೈಜಿಗೂ ಮೀರಿದ ತಪ್ಪು. ಸೆಂಟಿಮೀಟರ್‌ಗೆ ಸರಿಸುಮಾರು ಶೇ 1 ಎಂದು ನೆನಪಿಟ್ಟರೆ ಸಾಕು. 2 ಸೆಂ.ಮೀ.ವರೆಗಿನ ತಪ್ಪನ್ನು ಕಪ್ ಕ್ಷಮಿಸುತ್ತದೆ, 5 ಆದರೆ ಇಲ್ಲ.

ಗೋಲಿ ಚಿತ್ರದ ಅಂಚಿಗೆ ಹೋದರೆ ಇನ್ನೊಂದು ಉಪದ್ರವ. ಕಿರಣ ಓರೆಯಾಗಿ ಬೀಳುವುದರಿಂದ ಗೋಲಿ ಉರುಟಾಗಿ ಉಳಿಯದೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಇಲ್ಲವೇ ಅರ್ಧ ಕತ್ತರಿಸಿಹೋಗುತ್ತದೆ. ಸಾಫ್ಟ್‌ವೇರ್ ತಾನಾಗಿ ಎಳೆಯುವ ವೃತ್ತವನ್ನು ಒಪ್ಪಿಕೊಳ್ಳುವ ಮೊದಲು ಜೂಮ್ ಮಾಡಿ ನೋಡಬೇಕು. ಡೆಮೋದಲ್ಲಿ ಇದನ್ನು ಯಾರೂ ತೋರಿಸುವುದಿಲ್ಲ, ಅಲ್ಲಿನ ಗೋಲಿಗಳೆಲ್ಲ ಚಂದ್ರನ ಹಾಗೆ ದುಂಡಗೇ ಇರುತ್ತವೆ.

ಈ ತಲೆನೋವಿಗೆ ಸಿಕ್ಕಿರುವ ಜಾಣ ಪರಿಹಾರ ಕಿಂಗ್‌ಮಾರ್ಕ್. ಇಂಗ್ಲೆಂಡಿನ ಕವೆಂಟ್ರಿಯ ಶಸ್ತ್ರವೈದ್ಯರು 2009ರಲ್ಲಿ ಪ್ರಕಟಿಸಿದ ಎರಡು ಗುರುತುಗಳ ವಿಧಾನ ಇದರ ಮೂಲ. ಒಂದು ಭಾಗ ರೋಗಿಯ ಬೆನ್ನಡಿಯ ಮೆತ್ತೆಯಲ್ಲಿ, ಇನ್ನೊಂದು ಹೊಟ್ಟೆಯ ಮುಂದೆ. ಮುಂದಿನದು ಎಷ್ಟು ಹಿಗ್ಗಿದೆ, ಹಿಂದಿನದು ಎಷ್ಟು ಎಂಬುದರಿಂದ ನಡುವಿನ ಕೀಲಿನ ಹಿಗ್ಗುವಿಕೆಯನ್ನು ಲೆಕ್ಕ ಹಾಕುತ್ತಾರೆ. ಟ್ರೊಕ್ಯಾಂಟರ್ ಹುಡುಕುವ ಗೋಜಿಲ್ಲ, ತೊಡೆಸಂದಿಗೆ ಕೈ ಹಾಕುವ ಸಂಕೋಚವಿಲ್ಲ, ದಪ್ಪ ಮೈಯವರಲ್ಲೂ ನಡೆಯುತ್ತದೆ. ಖರ್ಚು ಮಾಡುವುದಾದರೆ ಸಾಫ್ಟ್‌ವೇರ್‌ನ ದುಬಾರಿ ಮಾಡ್ಯೂಲ್‌ಗಿಂತ ಮೊದಲು ಇದಕ್ಕೆ ಮಾಡಿ ಎಂಬುದು ನಮ್ಮ ಸಲಹೆ. ಇನ್ನೊಂದು ಪುಕ್ಕಟೆ ಗೋಲಿ ಕೆಲವರ ಮೈಯೊಳಗೇ ಇರುತ್ತದೆ: ಇನ್ನೊಂದು ಬದಿಯ ಕೀಲು ಈಗಾಗಲೇ ಬದಲಾಗಿದ್ದು, ಹೆಡ್‌ನ ಅಳತೆ ಡಿಸ್ಚಾರ್ಜ್ ಕಾಗದದಲ್ಲೋ ಇಂಪ್ಲಾಂಟ್ ಸ್ಟಿಕ್ಕರ್‌ನಲ್ಲೋ ಇದ್ದರೆ ಅದಕ್ಕಿಂತ ಒಳ್ಳೆಯ ಅಳತೆಗೋಲು ಬೇರೆಯಿಲ್ಲ. ಕೀಲಿನ ಮಟ್ಟದಲ್ಲೇ ಇದೆ, ಜಾರುವುದಿಲ್ಲ.

ಹಿಗ್ಗುವಿಕೆಯ ತಪ್ಪು ಸೈಜನ್ನು ಕೆಡಿಸುತ್ತದೆ. ಕಾಲು ತಿರುಗಿದ ತಪ್ಪು ಅದಕ್ಕಿಂತ ಕೆಟ್ಟದ್ದನ್ನು ಕೆಡಿಸುತ್ತದೆ, ಆಫ್‌ಸೆಟ್ಟನ್ನು. ಇದನ್ನು ಮಾತ್ರ ಯಾವ ಗೋಲಿಯೂ ಸರಿಪಡಿಸದು. ತೊಡೆಮೂಳೆಯ ಕುತ್ತಿಗೆ ಸುಮಾರು 15 ಡಿಗ್ರಿ ಮುಂದಕ್ಕೆ ವಾಲಿರುತ್ತದೆ. ಅದಕ್ಕೇ ಚಿತ್ರ ತೆಗೆಯುವಾಗ ಎರಡೂ ಪಾದಗಳನ್ನು 15ರಿಂದ 20 ಡಿಗ್ರಿ ಒಳಕ್ಕೆ ತಿರುಗಿಸಬೇಕು, ಹೆಬ್ಬೆರಳುಗಳು ಒಂದಕ್ಕೊಂದು ಹತ್ತಿರ ಬರುವ ಹಾಗೆ. ಆದರೆ ಸವೆದ ಕೀಲು ಹೊರಕ್ಕೆ ತಿರುಗಿ ಬಿಗಿದುಕೊಂಡಿರುತ್ತದೆ, ಒಳಕ್ಕೆ ಬರುವುದೇ ಇಲ್ಲ. 15 ಡಿಗ್ರಿ ಕುತ್ತಿಗೆಯದು, ಇನ್ನೊಂದು 15 ಕಾಲು ಹೊರಕ್ಕೆ ಬಿದ್ದದ್ದು, ಒಟ್ಟು 30 ಡಿಗ್ರಿ. ಆಗ 44 ಮಿ.ಮೀ. ಆಫ್‌ಸೆಟ್ ಚಿತ್ರದಲ್ಲಿ 38 ಎಂದು ಕಾಣುತ್ತದೆ. ಯೋಜಿಸುವವರು 37.5ರ ಸ್ಟೆಮ್ ಇಟ್ಟು ನೋಡಿ, ಎಷ್ಟು ಚೆನ್ನಾಗಿ ಹೊಂದಿತು ಎಂದು ಖುಷಿಯಾಗಿ ಸೇವ್ ಮಾಡುತ್ತಾರೆ. ಓಟಿಯಲ್ಲಿ ಕೀಲು ಸಡಿಲ ಅನ್ನಿಸುತ್ತದೆ. ಬಿಗಿ ಮಾಡಲು ಉದ್ದನೆಯ ಹೆಡ್ ಹಾಕುತ್ತಾರೆ. 135 ಡಿಗ್ರಿ ಕುತ್ತಿಗೆಯ ಸ್ಟೆಮ್‌ನಲ್ಲಿ ಹೆಡ್ ಕೊಡುವ ಪ್ರತಿ ಮಿಲಿಮೀಟರ್ ಆಫ್‌ಸೆಟ್ ಜೊತೆಗೆ ಕಾಲೂ ಅಷ್ಟೇ ಉದ್ದವಾಗುತ್ತದೆ. ಕಳೆದುಹೋದ 6 ಮಿ.ಮೀ. ಆಫ್‌ಸೆಟ್ ಹೀಗೆ ಮರಳಿ ಬಂದರೆ ಕಾಲು 6 ಮಿ.ಮೀ. ಉದ್ದ. ರೋಗಿ ಆರು ತಿಂಗಳಾದ ಮೇಲೆ "ಡಾಕ್ಟ್ರೇ, ಈ ಕಾಲು ಉದ್ದ ಅನ್ನಿಸ್ತದೆ" ಎಂದು ಬಂದರೆ ಮೂಲ ಹುಡುಕಲು ಓಟಿಗೆ ಹೋಗಬೇಡಿ, ಮೊದಲ ಎಕ್ಸ್‌ರೇಯಲ್ಲಿ ಪಾದ ಹೇಗಿತ್ತು ನೋಡಿ. ಸೈಜ್ ಮಾತ್ರ ಎಣಿಸುವ ನಿಖರತೆಯ ಪಟ್ಟಿಯಲ್ಲಿ ಇಂಥ ಕೇಸ್ "ಯಶಸ್ಸು" ಎಂದೇ ದಾಖಲಾಗಿರುತ್ತದೆ.

ಚಿತ್ರದಲ್ಲೇ ಇದನ್ನು ಹಿಡಿಯಲು ಗುರುತುಗಳಿವೆ. ಲೆಸ್ಸರ್ ಟ್ರೊಕ್ಯಾಂಟರ್ ಎಂಬ ಮೂಳೆಯ ಸಣ್ಣ ಉಬ್ಬು ತೊಡೆಯ ಒಳಬದಿಗೆ ಪೂರ್ತಿ ಉಬ್ಬಿ ಕಂಡರೆ ಕಾಲು ಹೊರಕ್ಕೆ ತಿರುಗಿದೆ. ಸರಿಯಾದ ಚಿತ್ರದಲ್ಲಿ ಅದು ಸಣ್ಣಗೆ ಇಣುಕುತ್ತದೆ ಅಷ್ಟೆ. ಸೊಂಟದ ಮೂಳೆಯ ಎರಡು ಬದಿಯ ಆಬ್ಚುರೇಟರ್ ರಂಧ್ರಗಳು ಒಂದೇ ಅಳತೆಯವು, ಬಾಲದ ಮೂಳೆಯ ತುದಿ ಸಿಂಫಿಸಿಸ್‌ನ (ಸೊಂಟದ ಮೂಳೆಗಳು ಮುಂದೆ ಕೂಡುವ ಜಾಗದ) ನೇರಕ್ಕೆ, ಅದಕ್ಕಿಂತ 1ರಿಂದ 3 ಸೆಂ.ಮೀ. ಮೇಲೆ – ಇಷ್ಟಿದ್ದರೆ ಸೊಂಟ ತಿರುಚಿಲ್ಲ. ಚಿತ್ರ ಸ್ಟೆಮ್‌ನ ತುದಿ ಮುಟ್ಟುವ ಜಾಗಕ್ಕಿಂತ ಕೆಳಗಿನವರೆಗೂ ಬರಬೇಕು. ಸವೆದ ಬದಿ ತಿರುಗುವುದಿಲ್ಲವೆಂದಾದರೆ ಆರೋಗ್ಯವಾಗಿರುವ ಇನ್ನೊಂದು ಬದಿಯಲ್ಲಿ ಯೋಜಿಸಿ ಕನ್ನಡಿಯಂತೆ ತಿರುಗಿಸಿ ತರಬಹುದು, ಎಲ್ಲ ಸಾಫ್ಟ್‌ವೇರ್‌ಗಳಲ್ಲೂ ಆ ಸೌಲಭ್ಯವಿದೆ. ಇಲ್ಲೊಂದು ನಮ್ಮ ನಾಡಿನ ತೊಡಕು. ಪಾಶ್ಚಾತ್ಯ ಅಧ್ಯಯನಗಳ ರೋಗಿ ಹೆಚ್ಚಾಗಿ ವಯಸ್ಸಾಗಿ ಒಂದು ಬದಿ ಸವೆದವರು. ನಮ್ಮಲ್ಲಿ ರಕ್ತಸಂಚಾರ ನಿಂತು ತೊಡೆಮೂಳೆಯ ತಲೆ ಕುಸಿದ ಎವಿಎನ್ ರೋಗಿಗಳು, ಅವರಲ್ಲೂ ಸಣ್ಣ ವಯಸ್ಸಿನವರು ಬಹಳ, ಮತ್ತು ಎವಿಎನ್ ಎರಡೂ ಬದಿಗೆ ಬರುವುದು ಸಾಮಾನ್ಯ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆ ಬೆಸೆದುಕೊಳ್ಳುವ ವಾತರೋಗ) ಇದ್ದವರಲ್ಲಿ ಎರಡೂ ಕೀಲು ಬೆಸೆದುಕೊಂಡಿರುವುದುಂಟು. ಕನ್ನಡಿ ಹಿಡಿಯಲು ಆರೋಗ್ಯವಂತ ಬದಿಯೇ ಇರುವುದಿಲ್ಲ.

ಸಾಫ್ಟ್‌ವೇರ್ ಒಳಗಿನ ಕೆಲಸ ಇದಕ್ಕೆ ಹೋಲಿಸಿದರೆ ಚಿಕ್ಕದು, ಕೈ ಪಳಗಿದವರಿಗೆ ಐದರಿಂದ ಹತ್ತು ನಿಮಿಷ. ಗೋಲಿಯಿಂದ ಅಳತೆ ಹೊಂದಿಸಿ, ಎರಡು ಟಿಯರ್‌ಡ್ರಾಪ್‌ಗಳ (ಬಟ್ಟಲಿನ ತಳದ ಬಳಿ ಕಾಣುವ ಹನಿಯಾಕಾರದ ನೆರಳುಗಳ) ಕೆಳತುದಿ ಸೇರಿಸಿ ಗೆರೆ ಎಳೆಯುತ್ತಾರೆ. ಲೆಸ್ಸರ್ ಟ್ರೊಕ್ಯಾಂಟರ್‌ಗಳಿಂದ ಆ ಗೆರೆಗಿರುವ ದೂರದ ವ್ಯತ್ಯಾಸವೇ ಕಾಲಿನ ಉದ್ದದ ವ್ಯತ್ಯಾಸ. ಕಪ್ಪನ್ನು 40ರಿಂದ 45 ಡಿಗ್ರಿ ಓರೆಯಲ್ಲಿ, ಕೆಳಅಂಚು ಟಿಯರ್‌ಡ್ರಾಪ್‌ನ ಮಟ್ಟಕ್ಕೆ, ಒಳಅಂಚು ಅದರ ಹೊರಮಗ್ಗುಲಿಗೆ ತಾಗುವಂತೆ ಕೂರಿಸುತ್ತಾರೆ. ಆಮೇಲೆ ಸ್ಟೆಮ್. ಕೊನೆಗೆ ಹೆಡ್‌ನ ನಡುಬಿಂದು ಮತ್ತು ಕಪ್‌ನ ನಡುಬಿಂದು ಎಷ್ಟು ಅಂತರದಲ್ಲಿವೆ ನೋಡುವುದು. ಹೆಡ್‌ನದು ಮೇಲಿದ್ದರೆ ಅಷ್ಟು ಮಿಲಿಮೀಟರ್ ಕಾಲು ಉದ್ದವಾಗುತ್ತದೆ, ಒಳಕ್ಕಿದ್ದರೆ ಅಷ್ಟು ಆಫ್‌ಸೆಟ್ ಹೆಚ್ಚುತ್ತದೆ. ಕುತ್ತಿಗೆ ಕತ್ತರಿಸುವ ಜಾಗ ಲೆಸ್ಸರ್ ಟ್ರೊಕ್ಯಾಂಟರ್‌ನ ಮೇಲೆ ಎಷ್ಟು, ಸಾಮಾನ್ಯವಾಗಿ 10ರಿಂದ 15 ಮಿ.ಮೀ., ಎಂದು ಅಳೆದು ಬರೆದಿಟ್ಟುಕೊಳ್ಳಬೇಕು. ಓಟಿಯಲ್ಲಿ ಸೈಜಿಗಿಂತ ಹೆಚ್ಚು ಉಪಯೋಗಕ್ಕೆ ಬರುವ ಅಂಕಿ ಇದು.

ಮೂರು ಸಾಫ್ಟ್‌ವೇರ್‌ಗಳ ನಡುವೆ ಈ ಕೆಲಸದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಒಂದೇ ಚಿತ್ರ, ಒಂದೇ ಗೋಲಿ ಕೊಟ್ಟರೆ ಮೂರೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಡಬೇಕು, ಕೊಡದಿದ್ದರೆ ವೃತ್ತ ಎಳೆದ ಕೈಯನ್ನು ಅನುಮಾನಿಸಿ. ಟ್ರಾಮಾಕ್ಯಾಡ್ ಇಸ್ರೇಲಿನಲ್ಲಿ ಹುಟ್ಟಿ ಈಗ ಜರ್ಮನಿಯ ಬ್ರೈನ್‌ಲ್ಯಾಬ್ ಕೈಯಲ್ಲಿದೆ, ಪ್ಯಾಕ್ಸ್ (ಆಸ್ಪತ್ರೆಯ ಎಕ್ಸ್‌ರೇ ಚಿತ್ರಗಳ ಸಂಗ್ರಹ ವ್ಯವಸ್ಥೆ) ಜೊತೆ ಬೆರೆತು ಕೆಲಸ ಮಾಡುವುದು ಅದರ ಬಲ. ಮೆಡಿಕ್ಯಾಡ್ ಜರ್ಮನ್ನರದು, ಒಂದಾದ ಮೇಲೊಂದು ಹಂತ ಕೇಳುತ್ತ ನಡೆಸುತ್ತದೆ. ಹೊಸಬರಿಗೆ ಒಳ್ಳೆಯದು, ಅನುಭವಿಗಳಿಗೆ ತುಸು ರೇಜಿಗೆ. ಆರ್ಥೋವ್ಯೂ ಇಂಗ್ಲೆಂಡಿನದು, 2014ರಲ್ಲಿ ಬೆಲ್ಜಿಯಂನ ಮಟೀರಿಯಲೈಸ್ ಕೊಂಡಿತು. ಆರಿಸುವಾಗ ನೋಡಬೇಕಾದ್ದು ಪರದೆಯ ಅಂದವಲ್ಲ, ಇಂಪ್ಲಾಂಟ್ ಪಟ್ಟಿ. ದೊಡ್ಡ ವಿದೇಶಿ ಕಂಪನಿಗಳ ಟೆಂಪ್ಲೇಟ್ ಎಲ್ಲದರಲ್ಲೂ ಸಿಗುತ್ತದೆ. ನಿಮ್ಮ ಓಟಿಯಲ್ಲಿ ಭಾರತದಲ್ಲೇ ತಯಾರಾದ ಸ್ಟೆಮ್ ಬಳಸುತ್ತಿದ್ದರೆ ಅದರ ಹೆಸರು, ಮಾದರಿ, ಆಫ್‌ಸೆಟ್ ಆಯ್ಕೆಗಳ ಸಮೇತ ಪಟ್ಟಿಯಲ್ಲಿದೆಯೇ ಎಂದು ಹಣ ಕೊಡುವ ಮುಂಚೆ ಕೇಳಿ. "ಅದೇ ಥರದ" ಇನ್ನೊಂದು ಸ್ಟೆಮ್ ಮೇಲೆ ಯೋಜಿಸುವುದೆಂದರೆ ಪಕ್ಕದ ಮನೆಯವರ ಅಳತೆಗೆ ಅಂಗಿ ಹೊಲಿಸಿದ ಹಾಗೆ.

ಪುಕ್ಕಟೆ ದಾರಿಯೂ ಇದೆ. ಮ್ಯಾಕ್‌ನಲ್ಲಿ ಹೋರೋಸ್, ವಿಂಡೋಸ್‌ನಲ್ಲಿ ಯಾವುದಾದರೂ ಡೈಕಾಂ (ಎಕ್ಸ್‌ರೇ, ಸ್ಕ್ಯಾನ್ ಚಿತ್ರಗಳ ಮೂಲ ಫೈಲ್ ರೂಪ) ವ್ಯೂವರ್ ಹಾಕಿ, ಗೋಲಿಯಿಂದ ಅಳತೆ ಸರಿಪಡಿಸಿ, ವೃತ್ತ ಎಳೆದು ಕಪ್ ಸೈಜ್, ಗೆರೆ ಎಳೆದು ಕಾಲಿನ ವ್ಯತ್ಯಾಸ, ಆಫ್‌ಸೆಟ್ ಅಳೆಯಬಹುದು. ಹೋರೋಸ್ ವೈದ್ಯಕೀಯ ಸಾಧನವೆಂದು ಪ್ರಮಾಣೀಕೃತವಲ್ಲ, ಅದನ್ನು ತಿಳಿದೇ ಬಳಸಬೇಕು. ಸ್ಟೆಮ್‌ನ ಆಕಾರ ಹೊಂದಿಸಿ ನೋಡುವುದು ಬರೀ ವೃತ್ತ, ಗೆರೆಗಳಿಂದ ಆಗದು. ಆದರೂ ಸರಿಯಾಗಿ ಇಟ್ಟ ಗೋಲಿಯ ಚಿತ್ರದ ಮೇಲೆ ಉಚಿತ ವ್ಯೂವರ್ ಕೊಡುವ ಕಪ್ ಅಳತೆ, ಮೇಜಿನ ಮೇಲೆ ಉಳಿದ ಗೋಲಿಯ ಚಿತ್ರದ ಮೇಲೆ ದುಬಾರಿ ಸಾಫ್ಟ್‌ವೇರ್ ಕೊಡುವುದಕ್ಕಿಂತ ಎಷ್ಟೋ ಮೇಲು.

ಫೈಲಿನ ವಿಷಯದಲ್ಲೂ ಎಡವುವವರು ಹೆಚ್ಚು. ಹೊರಗಿನ ಸೆಂಟರ್‌ನಿಂದ ಬರುವ ಚಿತ್ರ ಡೈಕಾಂ ರೂಪದಲ್ಲೇ ಸಿ.ಡಿ.ಯಲ್ಲೋ ಲಿಂಕ್‌ನಲ್ಲೋ ಬರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ, ಲೈಟ್‌ಬಾಕ್ಸ್ ಮೇಲಿನ ಫಿಲ್ಮಿನ ಫೋಟೊ ರೋಗ ನೋಡಲು ಸಾಕು, ಅಳೆಯಲು ಬೇಡ. ಮೊಬೈಲ್ ಸ್ವಲ್ಪ ಓರೆ ಹಿಡಿದರೂ ಚಿತ್ರದ ಒಂದು ಬದಿ ಕುಗ್ಗಿರುತ್ತದೆ. ಮುದ್ರಿತ ಫಿಲ್ಮಿಗೂ ಇದೇ ಕಥೆ. ಪ್ರಿಂಟರ್ ಹಾಳೆಗೆ ಹಿಡಿಸಲು ಚಿತ್ರವನ್ನು ತಾನೇ ಕುಗ್ಗಿಸುತ್ತದೆ, ಅದರ ಮೇಲೆ ಅಸಿಟೇಟ್ ಹಾಳೆ ಇಟ್ಟರೆ ಶೇಕಡಾ ಲೆಕ್ಕಕ್ಕೆ ಅರ್ಥವೇ ಉಳಿಯುವುದಿಲ್ಲ. ಡೈಕಾಂ ಫೈಲಿನೊಳಗೆ ಪಿಕ್ಸೆಲ್ ಅಳತೆ ಇರುತ್ತದೆ ನಿಜ, ಆದರೆ ಡಿಜಿಟಲ್ ಎಕ್ಸ್‌ರೇಯಲ್ಲಿ ಅದು ಸಾಮಾನ್ಯವಾಗಿ ಡಿಟೆಕ್ಟರ್ ಮಟ್ಟದ ಅಳತೆ, ಕೀಲಿನ ಮಟ್ಟದ್ದಲ್ಲ. ವ್ಯೂವರ್ "52.0 ಮಿ.ಮೀ." ಎಂದು ದಶಮಾಂಶದ ಸಮೇತ ತೋರಿಸಿತೆಂದು ನಂಬಿದರೆ ಹಿಗ್ಗುವಿಕೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ.

ಇಷ್ಟೆಲ್ಲ ಎಚ್ಚರ ಸಣ್ಣ ಗಾಯದ ಶಸ್ತ್ರಚಿಕಿತ್ಸೆಯಲ್ಲಿ ಯಾಕೆ ಹೆಚ್ಚು ಬೇಕು? ದೊಡ್ಡದಾಗಿ ತೆರೆದಾಗ ಕಣ್ಣು ತಿದ್ದುವ ತಪ್ಪುಗಳನ್ನು ಸಣ್ಣ ಕಿಂಡಿಯಲ್ಲಿ ಯಾರೂ ತಿದ್ದುವುದಿಲ್ಲ. ಮುಂಭಾಗದಿಂದ, ಟೆನ್ಸರ್ ಫೇಶಿಯಾ ಲಾಟಾ ಮತ್ತು ಸಾರ್ಟೋರಿಯಸ್ ಸ್ನಾಯುಗಳ ನಡುವೆ ಹೋಗುವ ಡೈರೆಕ್ಟ್ ಆಂಟೀರಿಯರ್ ವಿಧಾನವನ್ನೇ ತೆಗೆದುಕೊಳ್ಳಿ. ಸ್ನಾಯು ಕತ್ತರಿಸುವುದಿಲ್ಲ, ಗಾಯ ಸುಮಾರು 10 ಸೆಂ.ಮೀ. ಕಪ್ ಕೆಲಸ ಚೆನ್ನಾಗಿ ಕಾಣುತ್ತದೆ, ತೊಡೆಮೂಳೆಯ ಕೆಲಸ ಅಷ್ಟೇ ಕಷ್ಟ. ಲೆಸ್ಸರ್ ಟ್ರೊಕ್ಯಾಂಟರ್ ಆಳದಲ್ಲಿ ಉಳಿಯುವುದರಿಂದ ಕುತ್ತಿಗೆ ಕತ್ತರಿಸುವ ಮಟ್ಟವನ್ನು ಅಲ್ಲಿಂದ ಅಳೆಯುವುದು ಸುಲಭವಲ್ಲ. ಆದ್ದರಿಂದ ಯೋಜನೆಯಲ್ಲೇ ಗ್ರೇಟರ್ ಟ್ರೊಕ್ಯಾಂಟರ್ ಮತ್ತು ಕುತ್ತಿಗೆ ಸೇರುವ ತಗ್ಗಿನಿಂದ ಎಷ್ಟು ದೂರ ಎಂಬುದನ್ನೂ ಅಳೆದಿಟ್ಟುಕೊಳ್ಳಬೇಕು. ತೊಡೆಮೂಳೆಯನ್ನು ಸಾಕಷ್ಟು ಮೇಲೆತ್ತಲು ಆಗದಿದ್ದರೆ ಸ್ಟೆಮ್‌ಗೆ ಜಾಗ ಕೊರೆಯುವ ಬ್ರೋಚ್ ಹೊರಬದಿಯ ಮೂಳೆಗೆ ತಾಗಿ ಓರೆಯಾಗಿ ಇಳಿಯುತ್ತದೆ, ಚಿಕ್ಕ ಸೈಜಿನಲ್ಲೇ ಬಿಗಿಯಾದಂತೆ ಅನ್ನಿಸುತ್ತದೆ.

ಯೋಜನೆಯ ನಿಜವಾದ ಉಪಯೋಗ ಇಲ್ಲಿದೆ. ಯೋಜನೆಯಲ್ಲಿ ಸ್ಟೆಮ್ 12, ಕೈಯಲ್ಲಿ 11 ಎಂದರೆ ಮುಂದುವರಿಯಿರಿ. 12 ಇದ್ದಲ್ಲಿ ಬ್ರೋಚ್ 10ಕ್ಕೇ ನಿಂತರೆ ಸುತ್ತಿಗೆ ಕೆಳಗಿಟ್ಟು ಸಿ-ಆರ್ಮ್ (ಓಟಿಯಲ್ಲಿ ಬಳಸುವ ಎಕ್ಸ್‌ರೇ ಯಂತ್ರ) ತರಿಸಿ. ಹೆಚ್ಚಿನ ಸಲ ಸ್ಟೆಮ್ ಓರೆಯಾಗಿರುತ್ತದೆ, ಹೊರಬದಿಯ ಮೂಳೆಯನ್ನು ಇನ್ನಷ್ಟು ತೆಗೆದರೆ ಸರಿಹೋಗುತ್ತದೆ. ತಿರುಗಾಮುರುಗಾ, 10 ಇದ್ದಲ್ಲಿ 12 ಸಲೀಸಾಗಿ ಹೋದರೆ ಇನ್ನೂ ಹೆಚ್ಚು ಹೆದರಬೇಕು, ಕ್ಯಾಲ್ಕಾರ್ ಬಿರಿದಿದೆಯೇ ನೋಡಿ. ತೊಡೆಮೂಳೆಯೊಳಗಿನ ಕೊಳವೆಯ ಆಕಾರ ಮೊದಲೇ ಗೊತ್ತಿದ್ದರೆ ಈ ಭಯ ಕಡಿಮೆ. ಡಾರ್ ಎಂಬ ವರ್ಗೀಕರಣದಲ್ಲಿ ಎ ಎಂದರೆ ಮೇಲೆ ಅಗಲ, ಕೆಳಗೆ ಕಿರಿದು, ಗಟ್ಟಿ ಮೂಳೆ. ಸ್ಟೆಮ್‌ನ ತುದಿ ಮೊದಲು ಸಿಕ್ಕಿಕೊಳ್ಳುವುದು ಇಲ್ಲಿ. ಡಾರ್ ಸಿ ಎಂದರೆ ಮೇಲಿಂದ ಕೆಳಗೆ ಒಂದೇ ಅಗಲದ, ತೆಳು ಗೋಡೆಯ ಕೊಳವೆ. ಅಲ್ಲಿ ಸಿಮೆಂಟ್ ಸ್ಟೆಮ್ ಪೆಟ್ಟಿಗೆಯನ್ನೂ ತರಿಸಿಟ್ಟುಕೊಳ್ಳುವುದು ಜಾಣತನ.

ಕಪ್ ಬದಿಯಲ್ಲಿ ಯೋಜನೆ ಹೇಳುವ ಇನ್ನೊಂದು ಅಂಕಿಯನ್ನು ಬಹಳ ಜನ ಓದುವುದೇ ಇಲ್ಲ. ಬಟ್ಟಲಿನ ತಳದಲ್ಲಿ ಬೆಳೆದ ಮೂಳೆ ಎಷ್ಟು ದಪ್ಪ ಎಂಬುದು ಅದು. ಅದು 6 ಮಿ.ಮೀ. ಎಂದು ಗೊತ್ತಿದ್ದರೆ ಬಟ್ಟಲು ಕೆರೆಯುವ ರೀಮರ್ ಎಷ್ಟು ಒಳಗೆ ಹೋಗಬೇಕೆಂದು ಗೊತ್ತು. ಗೊತ್ತಿಲ್ಲದಿದ್ದರೆ ಕಪ್ ಹೊರಗೇ ಉಳಿಯುತ್ತದೆ, ಇಲ್ಲವೇ ತಳ ತೂತಾಗುತ್ತದೆ. ಕತ್ತರಿಸಿ ತೆಗೆದ ತೊಡೆಮೂಳೆಯ ತಲೆಯನ್ನು ಕ್ಯಾಲಿಪರ್‌ನಲ್ಲಿ ಅಳೆಯುವುದು ಒಂದು ನಿಮಿಷದ ಕೆಲಸ. ಕಪ್ ಸಾಮಾನ್ಯವಾಗಿ ಅದಕ್ಕಿಂತ 4ರಿಂದ 6 ಮಿ.ಮೀ. ದೊಡ್ಡದು. ತಲೆ 45, ಯೋಜನೆ 56 ಎಂದಿದ್ದರೆ ಗೋಲಿ ಮೇಜಿನ ಮೇಲಿತ್ತು ಎಂದು ಆಗಲೇ ಗೊತ್ತಾಗುತ್ತದೆ, ರೀಮರ್ ಇನ್ನೂ ಕೈಗೆ ತೆಗೆದುಕೊಂಡಿರುವುದಿಲ್ಲ. ಎವಿಎನ್‌ನಲ್ಲಿ ತಲೆ ಕುಸಿದು ಚಪ್ಪಟೆಯಾಗಿದ್ದರೆ ಈ ಅಳತೆ ಕೈಕೊಡಬಹುದು, ಕುಸಿಯದ ಭಾಗದ ಅಡ್ಡಗಲ ಹಿಡಿಯಿರಿ.

ಜಿಲ್ಲಾ ಕೇಂದ್ರಗಳ ಆಸ್ಪತ್ರೆಗೆ ಯೋಜನೆಯಿಂದ ಇನ್ನೊಂದು ನೇರ ಲಾಭವಿದೆ. ಇಂಪ್ಲಾಂಟ್ ಪೆಟ್ಟಿಗೆಯನ್ನು ವಿತರಕರು ಆಯಾ ಶಸ್ತ್ರಚಿಕಿತ್ಸೆಗೆಂದು ಕಳಿಸುವ ಕಡೆಗಳಲ್ಲಿ ನಡುವಿನ ಸೈಜ್‌ಗಳು ತಾನಾಗೇ ಬರುತ್ತವೆ. ಕುಳ್ಳಗೆ, ಸಣ್ಣ ಮೂಳೆಯ ಹೆಂಗಸರಿಗೆ ಬೇಕಾಗುವ 44, 46 ಕಪ್, ಅದಕ್ಕೆ ಹೊಂದುವ 28 ಹೆಡ್, ತುಂಬ ಸಣ್ಣ ಸ್ಟೆಮ್ ಬರುವುದು ಕೇಳಿದರೆ ಮಾತ್ರ. ಅವು ಬೇಕೆಂದು ಎರಡು ದಿನ ಮುಂಚೆ ಗೊತ್ತಾಗುವುದಕ್ಕೂ ರೋಗಿ ಅರಿವಳಿಕೆಯಲ್ಲಿರುವಾಗ ಗೊತ್ತಾಗುವುದಕ್ಕೂ ಇರುವ ಅಂತರ ದೊಡ್ಡದು.

ಸಿ.ಟಿ. ಆಧಾರಿತ ಮೂರು ಆಯಾಮದ ಯೋಜನೆ ಗೋಲಿಯ ಸಮಸ್ಯೆಯನ್ನೂ ಪಾದದ ಸಮಸ್ಯೆಯನ್ನೂ ಒಟ್ಟಿಗೆ ಅಳಿಸಿಹಾಕುತ್ತದೆ. ಸಿ.ಟಿ.ಯಲ್ಲಿ ಹಿಗ್ಗುವಿಕೆಯಿಲ್ಲ, ಕಾಲು ಹೇಗೆ ತಿರುಗಿದ್ದರೂ ಪರದೆಯಲ್ಲಿ ನೇರ ಮಾಡಬಹುದು. ಸೈಜ್ ಚಾಚೂ ತಪ್ಪದೆ ಹೊಂದುವ ಪ್ರಮಾಣ ಎರಡು ಆಯಾಮದ್ದಕ್ಕಿಂತ ಸ್ಪಷ್ಟವಾಗಿ ಹೆಚ್ಚು. ಜಪಾನಿನ ಜೆಡ್‌ಹಿಪ್, ಸ್ವಿಟ್ಜರ್‌ಲೆಂಡ್‌ನ ಸಿಂಬಿಯೋಸ್ ಕಂಪನಿಯ ಹಿಪ್-ಪ್ಲ್ಯಾನ್, ಮ್ಯಾಕೋ ರೋಬೋಟ್‌ನ ಯೋಜನೆ ಎಲ್ಲವೂ ಸಿ.ಟಿ. ಮೇಲೇ ನಿಂತವು. ಇಲ್ಲೂ ತಪ್ಪಿಗೆ ಜಾಗವಿದೆ. ಸ್ಲೈಸ್ 1 ಮಿ.ಮೀ. ಆಸುಪಾಸಿನಲ್ಲಿರಬೇಕು, ಮಂಡಿಯ ಹತ್ತಿರ ಕೆಲವು ಸ್ಲೈಸ್ ಬೇಕೇ ಬೇಕು. ಅವಿಲ್ಲದೆ ತೊಡೆಮೂಳೆ ಎಷ್ಟು ತಿರುಚಿದೆ ಎಂಬುದನ್ನು ಲೆಕ್ಕ ಹಾಕಲಾಗದು. ಸೊಂಟ ಮಾತ್ರ ಸ್ಕ್ಯಾನ್ ಮಾಡಿ ಕಳಿಸುವುದು ಪದೇ ಪದೇ ನಡೆಯುವ ತಪ್ಪು, ರೋಗಿಯನ್ನು ಮತ್ತೆ ಕರೆಸಿ ಇನ್ನೊಮ್ಮೆ ವಿಕಿರಣ ಕೊಡಬೇಕಾಗುತ್ತದೆ. ಹಾಗೆಂದು ಎಲ್ಲರಿಗೂ ಸಿ.ಟಿ. ಬೇಕಿಲ್ಲ. ಹುಟ್ಟಿನಿಂದ ಆಳವಿಲ್ಲದ ಬಟ್ಟಲು, ಹಳೆಯ ಅಪಘಾತದಲ್ಲಿ ಮುರಿದು ಕೂಡಿದ ಬಟ್ಟಲು, ಬೆಸೆದ ಕೀಲು, ಮೊದಲೇ ತೊಡೆಮೂಳೆ ಕತ್ತರಿಸಿ ಜೋಡಿಸಿದವರು – ಇಂಥವರಿಗೆ ಧಾರಾಳವಾಗಿ ಮಾಡಿಸಿ. ಸಾದಾ ಕೇಸಿಗೆ ಒಳ್ಳೆಯ ಎಕ್ಸ್‌ರೇ ಸಾಕು. ನಿಂತ ಭಂಗಿಯಲ್ಲಿ ಎರಡು ದಿಕ್ಕಿನಿಂದ ಒಟ್ಟಿಗೆ ಚಿತ್ರ ತೆಗೆಯುವ, ವಿಕಿರಣವೂ ಕಡಿಮೆಯಿರುವ ಇಓಎಸ್ ಯಂತ್ರ ಇದಕ್ಕೆ ಒಳ್ಳೆಯ ನಡುದಾರಿ, ಇದ್ದವರ ಭಾಗ್ಯ.

ಒಂದು ಹಸಿರು ಚೌಕದ ಬಗ್ಗೆ ಎಚ್ಚರ. ಹಲವು ಸಾಫ್ಟ್‌ವೇರ್‌ಗಳು ಕಪ್ 40 ಡಿಗ್ರಿ ಓರೆ, 15 ಡಿಗ್ರಿ ಮುಂದಕ್ಕೆ ಎಂಬ ವಲಯದೊಳಗೆ ಬಂದರೆ ಹಸಿರು ತೋರಿಸುತ್ತವೆ. ಅದು ಲ್ಯೂವಿನೆಕ್ ಮತ್ತು ಸಂಗಡಿಗರು 1978ರಲ್ಲಿ ಕೊಟ್ಟ, ಎರಡೂ ಕಡೆ 10 ಡಿಗ್ರಿ ಬಿಟ್ಟುಕೊಡುವ ವಲಯ. ಆ ವಲಯದೊಳಗೇ ಇದ್ದ ಕೀಲುಗಳೂ ಜಾರಿವೆ. ಮಲಗಿದಾಗ, ನಿಂತಾಗ, ಕೂತಾಗ ಸೊಂಟ ಬೇರೆ ಬೇರೆ ಕೋನಕ್ಕೆ ವಾಲುತ್ತದೆ. ಬೆನ್ನುಮೂಳೆ ಬೆಸೆದವರಲ್ಲಿ ಕೂತಾಗ ವಾಲಬೇಕಾದ ಸೊಂಟ ವಾಲುವುದೇ ಇಲ್ಲ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇದ್ದವರಿಗೆ, ಬೆನ್ನಿಗೆ ಸ್ಕ್ರೂ ಹಾಕಿಸಿಕೊಂಡವರಿಗೆ ನಿಂತು ಮತ್ತು ಕೂತು ತೆಗೆದ ಪಕ್ಕದ ಎಕ್ಸ್‌ರೇ ನೋಡದೆ ಮಲಗಿದ ಚಿತ್ರದ ಹಸಿರನ್ನು ನಂಬಬಾರದು.

ಕೊಳ್ಳುವ ಮೊದಲು ಡೆಮೋ ತಂದವರಿಗೆ ಅವರ ಚಿತ್ರಗಳನ್ನು ಬಿಟ್ಟು ನಿಮ್ಮವೇ ಕೊಡಿ. ಈಗಾಗಲೇ ಶಸ್ತ್ರಚಿಕಿತ್ಸೆ ಮುಗಿದ, ಕೂರಿಸಿದ ಸೈಜ್ ಗೊತ್ತಿರುವ ಇಪ್ಪತ್ತು ರೋಗಿಗಳ ಮೊದಲಿನ ಎಕ್ಸ್‌ರೇ ಸಾಕು. ಸೈಜ್ ಹೇಳದೆ ಯೋಜಿಸಲು ಬಿಡಿ. ಉತ್ತರಗಳು ಒಂದೇ ದಿಕ್ಕಿಗೆ, ಎಲ್ಲವೂ ದೊಡ್ಡದಾಗಿ ಅಥವಾ ಎಲ್ಲವೂ ಚಿಕ್ಕದಾಗಿ ತಪ್ಪಿದರೆ ದೋಷ ಗೋಲಿಯದು, ಟ್ಯೂಬ್ ದೂರದ್ದು. ಹಿಂದೆ ಮುಂದೆ ಚೆದುರಿದ್ದರೆ ಗೋಲಿಯನ್ನು ದಿನಕ್ಕೊಂದು ಕಡೆ ಇಡುತ್ತಿದ್ದಾರೆ. ಖಚಿತಪಡಿಸಿಕೊಳ್ಳಲು ಅದೇ ರೋಗಿಗಳ ಶಸ್ತ್ರಚಿಕಿತ್ಸೆಯ ನಂತರದ ಎಕ್ಸ್‌ರೇ ತೆರೆಯಿರಿ. ಅಲ್ಲಿರುವ 32 ಅಥವಾ 36 ಹೆಡ್‌ನ ಅಂಚಿಗೆ ಮೂರು ಚುಕ್ಕಿ ಇಟ್ಟು ವೃತ್ತ ಎಳೆದರೆ ಆ ರೋಗಿಯ ನಿಜವಾದ ಹಿಗ್ಗುವಿಕೆ ಸಿಗುತ್ತದೆ. ಎರಡೂ ಚಿತ್ರ ಒಂದೇ ಕೋಣೆಯವು, ಒಂದೇ ಟ್ಯೂಬ್ ದೂರದವು ಆಗಿದ್ದರೆ ಮೊದಲಿನ ಚಿತ್ರದ ಗೋಲಿ ಹೇಳಿದ ಹಿಗ್ಗುವಿಕೆಯ ಪಕ್ಕ ಅದನ್ನು ಬರೆಯಿರಿ. ವ್ಯತ್ಯಾಸ ಶೇ 2ರೊಳಗಿದ್ದರೆ ಮೂರರಲ್ಲಿ ಯಾವ ಸಾಫ್ಟ್‌ವೇರ್ ಆದರೂ ಕೊಳ್ಳಿ. ಶೇ 5 ದಾಟಿದ್ದರೆ ಕೊಳ್ಳುವುದನ್ನು ಮುಂದೂಡಿ, ಮೊದಲು ಟೆಕ್ನೀಶಿಯನ್ ಜೊತೆ ಒಂದು ಮಧ್ಯಾಹ್ನ ಎಕ್ಸ್‌ರೇ ಕೋಣೆಯಲ್ಲಿ ಕಳೆಯಿರಿ.